ಎರಡು ನಿಮಿಷದ ಕೆಲಸ

ಹೋದ ಬುಧವಾರದಿಂದ ನಾನು ನನ್ನ ದೋಸ್ತನ ಜೊತೆ ಮಾತು ಬಿಟ್ಟಿದ್ದೇನೆ. ಅವನಿಗೆ ಇದು ಇನ್ನೂ ಗೊತ್ತಾಗಿಲ್ಲ. ದಿನಾ ಫೋನ್ ಮಾಡುತ್ತಾನೆ, ತಾನೇ ಮಾತಾಡುತ್ತಾನೆ, ತಾನೇ ನಗುತ್ತಾನೆ, ಇಡುತ್ತಾನೆ.

ಅವನದು ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ, ಚಿಲಕ, ಕೀಲಿ, ಪೈಪು ಮಾರುವ ಹಾರ್ಡ್‌ವೇರ್. ಬಿಲ್ ಹಾಕಲು ಒಂದು ಹಳೇ ಕಂಪ್ಯೂಟರ್ ಇಟ್ಟಿದ್ದಾನೆ. ಅದರ ಹಾರ್ಡ್ ಡಿಸ್ಕ್ ಕೆಟ್ಟಿತು, ಹೊಸದು ಹಾಕಿಸಿದ. ಹೊಸದರೊಳಗೆ ವಿಂಡೋಸ್ ಇಲ್ಲ. ಇಂಥ ಹೊತ್ತಿನಲ್ಲಿ ಅವನಿಗೆ ಮೊದಲು ನೆನಪಾಗುವುದು ಧಾರವಾಡದಲ್ಲಿರುವ ನಾನು.

"ನಿನ್ನ ಹತ್ರ ವಿಂಡೋಸ್ ಹತ್ತರ ಒರಿಜಿನಲ್ ಡಿಸ್ಕ್ ಐತಲ್ಲ, ಅದರದೊಂದು ಕಾಪಿ ಹೊಡಕೊಡು. ಎರಡ ನಿಮಿಷದ ಕೆಲಸ."

ಅವನ ಎರಡು ನಿಮಿಷ ನನಗೆ ಚೆನ್ನಾಗಿ ಗೊತ್ತು. ಪ್ರಿಂಟರ್ ಕೂಡಿಸಿಕೊಡು ಎಂದ ಎರಡು ನಿಮಿಷಕ್ಕೆ ನಾನು ಅವರ ಮನೆಯಲ್ಲಿ ಎರಡು ಸಲ ಊಟ ಮಾಡಿದ್ದೆ. ಅವನ ಮಗಳ ಕಾಲೇಜು ಅರ್ಜಿ ತುಂಬುವ ಎರಡು ನಿಮಿಷ ಮುಗಿದಾಗ ಹುಬ್ಬಳ್ಳಿಯಿಂದ ಬರಲು ಬಸ್ಸೇ ಉಳಿದಿರಲಿಲ್ಲ. ಫೋನಿನಲ್ಲಿ "ಹಂಗ ಮಾಡಾಕ ಬರೂದಿಲ್ಲೋ" ಎನ್ನುವಷ್ಟರಲ್ಲಿ ಅವನು ಇಟ್ಟಾಗಿತ್ತು. ಒಂದು ತಾಸಿನಲ್ಲಿ ಚಿಗರಿ ಬಸ್ಸಿನಿಂದಿಳಿದು ಪಡಸಾಲೆಗೇ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಖಾಲಿ ಡಿವಿಡಿ. ಈಗಿನ ಕಾಲದಲ್ಲಿ ಅದನ್ನು ಎಲ್ಲಿ ಹುಡುಕಿದನೋ! ನಾಲ್ಕು ಅಂಗಡಿ ತಿರುಗಿ ಮೂವತ್ತು ರೂಪಾಯಿ ಕೊಟ್ಟೆ ಎಂದು ಮೂರು ಸಲ ಹೇಳಿದ.

ನಾನು ಸಮಾಧಾನದಿಂದಲೇ ಶುರು ಮಾಡಿದೆ. ಆ ಡಿಸ್ಕ್ ನನ್ನ ಡೆಸ್ಕ್‌ಟಾಪ್ ಜೊತೆ ರೊಕ್ಕ ಕೊಟ್ಟು ತಗೊಂಡಿದ್ದು. ಅದರ ಲೈಸೆನ್ಸ್ ಆ ಒಂದು ಯಂತ್ರಕ್ಕೆ ಮಾತ್ರ. ಅಸಲು ಸಂಗತಿ ಎಂದರೆ ಡಿಸ್ಕಿಗೆ ಬೆಲೆಯೇ ಇಲ್ಲ. ಅದರೊಳಗಿನದನ್ನು ಮೈಕ್ರೋಸಾಫ್ಟಿನವರು ತಮ್ಮ ತಾಣದಲ್ಲೇ ಇಳಿಸಿಕೊಳ್ಳಲು ಇಟ್ಟಿದ್ದಾರೆ. ಅವರು ಮಾರುವುದು ಬಳಸುವ ಪರವಾನಗಿ, ಆ 25 ಅಕ್ಷರದ ಕೀ.

"ಬಸ್ ಪಾಸಿನ ಜೆರಾಕ್ಸ್ ತೋರಿಸಿದ್ರ ಕಂಡಕ್ಟರ್ ಹತ್ತಿಸ್ಕೋತಾನೇನು?" ಎಂದು ಕೇಳಿದೆ.

"ಕಾಲೇಜಿನಾಗ ಹತ್ತಿಸ್ಕೊಂಡಿದ್ದ. ನಿಂದ ಪಾಸ್ ಅದು, ಮರತಿಯೇನು?"

ಮರೆತಿರಲಿಲ್ಲ. ಹೋಲಿಕೆ ಬದಲಿಸಿದೆ. "ನಿನ್ನ ಅಂಗಡ್ಯಾಗಿನ ಮೊಳೆ ಪುಕ್ಕಟೆ ಕೊಡ್ತೀಯೇನು?"

"ಮೊಳೆ ಕೊಟ್ರ ನನ್ನ ಡಬ್ಬ್ಯಾಗ ಒಂದು ಕಡಿಮಿ ಆಗ್ತೈತಿ. ಇದು ಹಂಗಲ್ಲ, ಹೆಪ್ಪು ಇದ್ದಂಗ. ಬಾಜೂ ಮನಿಯವ್ರಿಗೆ ಒಂದು ಚಮಚ ಹೆಪ್ಪು ಕೊಟ್ರ ನಿಮ್ಮನಿ ಮೊಸರೇನು ಕಡಿಮಿ ಆಗ್ತೈತೇನು? ಹೌದಿಲ್ಲೋ ವೈನಿ?"

ಅಡುಗೆಮನೆಯಿಂದ ನನ್ನ ಹೆಂಡತಿ, "ಅಣ್ಣಾರು ಹೇಳೂದು ಖರೇ ಐತ್ ನೋಡ್ರಿ" ಎಂದಳು. ಅವನಿಗೆ ಚಹಾದ ಜೊತೆ ಚೂಡಾ ಬಂತು. ನನಗೆ ಬರೀ ಚಹಾ.

ಆಗ ನಾನು ಕಾಯ್ದೆ ತೆಗೆದೆ. ತೆಗೆಯಬಾರದಿತ್ತು. 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮಿಗೂ ಅನ್ವಯಿಸುತ್ತದೆ. ನನ್ನ ಡಿಸ್ಕ್ ಗೀರು ಬಿದ್ದು ಹಾಳಾದೀತು ಎಂದು ನಾನು ನನಗಾಗಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಲು 52ನೇ ಕಲಮು ಬಿಡುತ್ತದೆ. ದೋಸ್ತನಿಗಾಗಿ ತೆಗೆಯಲು ಬಿಡುವುದಿಲ್ಲ. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿನ ಪ್ರಕಾರ ಕಡಿಮೆ ಎಂದರೆ ಏಳು ದಿನ, ಜಾಸ್ತಿ ಎಂದರೆ ಮೂರು ವರ್ಷ ಜೈಲು. ಮೇಲೆ 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಮನೆಯ ಬಳಕೆಯಾದರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಇವನದು ಅಂಗಡಿ, ವ್ಯಾಪಾರ.

ಅವನು ಚೂಡಾ ಅಗಿಯುವುದನ್ನು ನಿಲ್ಲಿಸಿದ. ಅಂತೂ ಹೆದರಿದ ಎಂದುಕೊಂಡೆ.

"ಗೊತ್ತಿದ್ದು ಬಳಸಿದ್ರ ಅಷ್ಟ ಶಿಕ್ಷಾ?"

"ಹೌದು."

"ಗೊತ್ತಿಲ್ಲದ ಬಳಸಿದ್ರ?"

"ಆ ಕಲಮು ಹತ್ತೂದಿಲ್ಲ."

"ಮತ್ತ ನನಗ್ಯಾಕ ಹೇಳಿದಿ? ಸುಮ್ನ ಕಾಪಿ ಹೊಡಕೊಟ್ಟಿದ್ರ ಮುಗೀತಿತ್ತು. ಇಷ್ಟೊತ್ತು ನಾ ಏನೂ ಗೊತ್ತಿಲ್ಲದ ಮನಶಾ ಇದ್ದೆ. ಈಗ ನೀನ ನನ್ನ ಕಳ್ಳನ್ನ ಮಾಡಿದಿ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನನಗೂ ಹೊಳೆಯಲಿಲ್ಲ. ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ಡಿಸ್ಕ್ ಹಾಳಾಗ್ಲಿ, ಆ ಕೀ ಆದ್ರೂ ಹೇಳು. ನಾ ಮಾರೋ ಪ್ರತಿ ಕೀಲಿಗೂ ಎರಡು ಕೀಲಿಕೈ ಬರ್ತಾವ. ಸಾವಿರಗಟ್ಲೆ ರೊಕ್ಕ ತಗೊಂಡು ಒಂದ ಕೀ ಕೊಡ್ತಾರಂದ್ರ ಅದೆಂಥಾ ಕಂಪನಿ?"

ಕೀ ಹೇಳುವ ಆಟವನ್ನು ನಾವು ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಮ್ಮೆ ಆಡಿದ್ದೆವು. ಆಗ ನನಗೂ ಇಷ್ಟು ಕಾಯ್ದೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ನಾನು ಧಾರವಾಡದಿಂದ ಫೋನಿನಲ್ಲಿ ಹೇಳುವುದು, ಅವನು ಹುಬ್ಬಳ್ಳಿಯಲ್ಲಿ ಒತ್ತುವುದು. ಡಿ ಎಂದರೆ ಬಿ ಒತ್ತುತ್ತಿದ್ದ, ಬಿ ಎಂದರೆ ವಿ. ಊರಿನ ಹೆಸರು ಹಿಡಿದು ಹೇಳುತ್ತೇನೆ ಎಂದೆ. ಡಿ ಅಂದ್ರೆ ಧಾರವಾಡ. ಜಿ ಅಂದ್ರೆ ಗದಗ. ಎಚ್ ಅಂದ್ರೆ ಹಾವೇರಿ.

"ಯಾಕ, ಹುಬ್ಬಳ್ಳಿ ಅನ್ನಾಕ ಬಾಯಿ ಬರೂದಿಲ್ಲೇನು?"

ಎರಡೂ ಎಚ್ಚೇ ಎಂದೆ. ಎರಡೂ ಒತ್ತಿದ. ಮೊದಲಿನಿಂದ ಶುರು. ಬಿ ಅಂದ್ರೆ ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿಯ ರೇಟಿನ ಬಗ್ಗೆ ಐದು ನಿಮಿಷ. ಎಂ ಅಂದ್ರೆ ಮುಂಡರಗಿ. ಅಲ್ಲಿ ಅವನ ಮಾವನ ಮನೆ, ಹತ್ತು ನಿಮಿಷ. ಕೆ ಅಂದ್ರೆ ಕುಂದಗೋಳ. "ಯಾಕ, ಕಲಘಟಗಿ ಅಲ್ಲೇನು?" ವಿ ಅಂದ್ರೆ ವಿಜಾಪುರ ಎಂದಾಗ ಬಿಜಾಪುರ ಎಂದು ಕೇಳಿಸಿಕೊಂಡು ಬಿ ಒತ್ತಿದ. ಎಕ್ಸ್‌ಗೆ ನಮ್ಮ ಸುತ್ತ ಎಲ್ಲೂ ಊರಿಲ್ಲ. ಗುಣಾಕಾರದ ಚಿಹ್ನೆ ಎಂದೆ. ಅವನು ಕೀಬೋರ್ಡಿನಲ್ಲಿ ನಕ್ಷತ್ರ ಒತ್ತಿದ. ಆ ಕೀಯಲ್ಲಿ ಒಂದೂ ಸ್ವರಾಕ್ಷರ ಇರಲಿಲ್ಲ, ಹಾಗಾಗಿ ಅಣ್ಣಿಗೇರಿ ಬಚಾವಾಯಿತು. ಮುಕ್ಕಾಲು ತಾಸಿನ ಮೇಲೆ ಇಪ್ಪತ್ತೈದೂ ಅಕ್ಷರ ಸರಿಯಾಗಿ ಬಿದ್ದವು. ಆಮೇಲೆ ಕಂಪನಿ ಕೀಯನ್ನು ಪರೀಕ್ಷಿಸುವ ಆಕ್ಟಿವೇಶನ್‌ಗೆ ಹೋದಾಗ, ಈ ಕೀ ಇನ್ನೊಂದು ಕಂಪ್ಯೂಟರಿನಲ್ಲಿ ಬಳಕೆಯಾಗಿದೆ ಎಂಬ ಅರ್ಥದ ಸಂದೇಶ ಬಂತು.

"ಅದಕ್ಕ ಹೆಂಗ ಗೊತ್ತಾತು? ನೀ ಹೇಳಿದೇನು?" ಎಂದಿದ್ದ. ಇವತ್ತಿಗೂ ನಾನೇ ಹೇಳಿದ್ದು ಎಂದು ಅವನ ನಂಬಿಕೆ.

ಮತ್ತೆ ಆ ಆಟ ಬೇಡ ಎಂದು ನಾನು ಎದ್ದು ಕಪಾಟಿನಿಂದ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಡಿಸ್ಕ್ ತಂದು ಮುಂದಿಟ್ಟೆ. ಅದನ್ನು ಹುಡುಕುವಾಗ ಉಬುಂಟು ಸಿಡಿಯ ಹಳೇ ಪೌಚೊಂದು ಕೈಗೆ ಸಿಕ್ಕಿತು. ಉಬುಂಟುವೂ ಲಿನಕ್ಸಿನದೇ ಒಂದು ಬಗೆ. ಒಂದು ಕಾಲದಲ್ಲಿ ಈ ಸಿಡಿಗಳನ್ನು ಕೇಳಿದವರಿಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅಂಚೆ ಖರ್ಚೂ ಅವರದೇ. 2011ರಲ್ಲಿ ನಿಲ್ಲಿಸಿದರು. ನಾನು ತರಿಸಿದ್ದ ದಿನ ಪೋಸ್ಟ್‌ಮನ್ ಲಕೋಟೆ ಕೊಟ್ಟು ಹೋಗಲೇ ಇಲ್ಲ, ವಿದೇಶದಿಂದ ಏನು ಬಂತು ಎಂದು ನಿಂತೇ ಇದ್ದ. ಒಡೆದು ತೋರಿಸಿದೆ. ನೀವೇ ನಕಲು ಮಾಡಿ ಹಂಚಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ ಎಂದಾಗ, "ಹಂಗಾದ್ರ ಅವ್ರ ಹೊಟ್ಟಿಗೇನು?" ಎಂದಿದ್ದ. ಅಪ್ಪನೂ ಅದನ್ನೇ ಕೇಳಿದ್ದರು. ಆ ಸಂಜೆ ಓಣಿಯ ನಾಲ್ಕು ಹುಡುಗರಿಗೆ ನಕಲು ಮಾಡಿ ಕೊಟ್ಟೆ. ಅಪ್ಪ ಪಕ್ಕದಲ್ಲೇ ಕೂತು, ಡ್ರೈವಿನ ಬಾಗಿಲು ತೆರೆದಾಗಲೆಲ್ಲ ಬಿಸಿ ಸಿಡಿಯನ್ನು ರೊಟ್ಟಿ ಎತ್ತಿದಂತೆ ಎರಡು ಬೆರಳಲ್ಲಿ ಎತ್ತಿ ಪೇಪರಿನ ಮೇಲಿಡುತ್ತಿದ್ದರು. ಈಗ ಅಪ್ಪನೂ ಇಲ್ಲ, ಆ ಹುಡುಗರಲ್ಲಿ ಒಬ್ಬನೂ ಓಣಿಯಲ್ಲಿಲ್ಲ. ಸಿಡಿ ಇದೆ, ಅಂಚು ಹಳದಿಯಾಗಿದೆ.

ಪಡಸಾಲೆಗೆ ಬಂದು ಹೇಳಿದೆ. "ನಿನ್ನ ಹೆಪ್ಪಿನ ಲೆಕ್ಕ ಇಲ್ಲಿ ನಡೀತೈತಿ. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅಂತ ಒಬ್ಬ ಹುಡುಗ 1991ರಾಗ ಇದರ ಒಳಗಿನ ತಿರುಳು ಬರದು ಜಗತ್ತಿಗೆ ಬಿಟ್ಟ. ಕಾಪಿ ಹೊಡಿ, ಹಂಚು, ಬೇಕಾದ್ರ ರೊಕ್ಕ ತಗೊಂಡು ಮಾರು. ನಿನಗಿರೋ ಹಕ್ಕು ತಗೊಂಡವರಿಗೂ ಇರಬೇಕು, ಕೇಳಿದ್ರ ಮೂಲ ಕೋಡ್ ಸಿಗಬೇಕು, ಅಷ್ಟ."

ಅವನು ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ವಾಸನೆ ನೋಡುವುದೊಂದು ಬಾಕಿ.

"ಯಾರೂ ಏನೂ ಅನ್ನೂದಿಲ್ಲ?"

"ಇಲ್ಲ."

"ಏಳು ದಿನದ್ದು?"

"ಇಲ್ಲೋ."

"ಹಂಗಾರ ಇದರಾಗ ಏನೋ ಐಬು ಐತಿ" ಎಂದು ಮೇಜಿನ ಮೇಲಿಟ್ಟ. ವಿಂಡೋಸನ್ನು ಪುಕ್ಕಟೆ ಕೊಡು ಎಂದು ಇಪ್ಪತ್ತು ಕಿಲೋಮೀಟರ್ ಬಂದವನಿಗೆ, ನಿಜವಾಗಿ ಪುಕ್ಕಟೆ ಇದ್ದದ್ದರ ಮೇಲೆ ಅನುಮಾನ! ಬಿಲ್ ಹಾಕುವ ಸಾಫ್ಟ್‌ವೇರ್ ಇದರಲ್ಲಿ ಓಡುತ್ತದೆಯೇ ಎಂದು ಕೇಳಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ. ಅದನ್ನು ಕೇಳಲೇ ಇಲ್ಲ. ಚೂಡಾದ ತಟ್ಟೆ ಖಾಲಿ ಮಾಡಿ, ವೈನಿಗೆ ನಮಸ್ಕಾರ ಹೇಳಿ, ಮುಖ ಊದಿಸಿಕೊಂಡು ಹೋದ.

ಬುಧವಾರ ಫೋನ್ ಬಂತು.

"ಕಂಪ್ಯೂಟರ್ ಚಾಲೂ ಆತು. ವಿಂಡೋಸ್ ಹಾಕಿಸಿದೆ."

"ಯಾರ ಹತ್ರ? ಲೈಸೆನ್ಸ್ ತಗೊಂಡಿಯೇನು?"

"ಅದನ್ನ ಕೇಳಬ್ಯಾಡ. ನಾನೂ ಅವಂಗ ಏನೂ ಕೇಳಿಲ್ಲ. ನನಗ ಈಗ ಏನೂ ಗೊತ್ತಿಲ್ಲ, ತಿಳೀತಿಲ್ಲೋ?" ಸ್ವಲ್ಪ ತಡೆದು ಹೇಳಿದ. "ಮತ್ತ ಆ ಖಾಲಿ ಡಿಸ್ಕ್ ನಿಮ್ಮನ್ಯಾಗ ಉಳದೈತಿ. ನೀನ ಇಟ್ಕೋ. ಮೂವತ್ತು ರೂಪಾಯಿ ಯಾವಾಗರ ಕೊಟ್ರ ನಡೀತೈತಿ."