ಕೆಮ್ಮಿಗೆ ಬಂದವರ ಬಾಯಿಯನ್ನೂ ನೋಡಬೇಕು

ಬನಹಟ್ಟಿ ಕಡೆಯ ಒಬ್ಬ ಕಾಕಾ ಎರಡು ವರ್ಷದಲ್ಲಿ ಐದು ಸಲ ಜಮಖಂಡಿಯ ನನ್ನ ದವಾಖಾನೆಗೆ ಬಂದಿದ್ದರು. ಪವರ್‌ಲೂಮ್ ನಡೆಸುವವರು. ಮೂರು ಸಲ ಕೆಮ್ಮು, ಒಂದು ಸಲ ಸೊಂಟನೋವು, ಒಂದು ಸಲ ಭೇದಿ. ಐದೂ ಸಲ ಅವರು ಹೇಳಿದ ತೊಂದರೆಗೆ ಮಾತ್ರ ಔಷಧ ಬರೆದು ಕಳಿಸಿದೆ. ಅವರ ಎಡಗೆನ್ನೆಯೊಳಗೆ ಯಾವಾಗಲೂ ತಂಬಾಕು ಇರುತ್ತಿತ್ತು. ಅದು ನನ್ನ ಕಣ್ಣಿಗೂ ಬಿದ್ದಿತ್ತು. ಆದರೂ ಒಮ್ಮೆಯೂ "ಬಾಯಿ ತೆಗೀರಿ" ಅನ್ನಲಿಲ್ಲ.

ಆರನೇ ಸಲ ಬಂದಾಗ, "ಡಾಕ್ಟರ್ ಬಾಯಾರ, ಖಾರ ತಿನ್ನಾಕ ಆಗವಲ್ದ್ರಿ" ಅಂದರು. ಟಾರ್ಚ್ ಹಾಕಿ ನೋಡಿದೆ. ದವಡೆಯ ಪಕ್ಕದಲ್ಲಿ ಹುಣ್ಣು. ಸುತ್ತ ಗಟ್ಟಿ. ಕುತ್ತಿಗೆಯಲ್ಲಿ ಗಂಟು. ಬೆಳಗಾವಿಗೆ ಕಳಿಸಿದೆ. ಅರ್ಧ ದವಡೆ ತೆಗೆದರು, ಆಮೇಲೆ ರೇಡಿಯೇಶನ್ ಕೊಟ್ಟರು. ಕಾಕಾ ಬದುಕಿದ್ದಾರೆ. ಆದರೆ ರೊಟ್ಟಿ ಅಗಿಯಲು ಆಗುವುದಿಲ್ಲ. ನುಚ್ಚು, ಅಂಬಲಿ, ಹಾಲು ಇಷ್ಟೇ. ಜೋಳದ ರೊಟ್ಟಿ ಇಲ್ಲದ್ದನ್ನು ನಮ್ಮ ಕಡೆ ಯಾರೂ ಊಟ ಅನ್ನುವುದಿಲ್ಲ, ಅಲ್ವಾ?

ಆ ರಾತ್ರಿ ಅವರ ಹಳೇ ಚೀಟಿಗಳನ್ನು ತೆಗೆದು ಕೂತೆ. ಇಂಥ ಹುಣ್ಣು ಒಂದು ವಾರದಲ್ಲಿ ಹುಟ್ಟುವುದಿಲ್ಲ. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಮೊದಲೇ ಬಿಳಿ ಮಚ್ಚೆ, ಕೆಂಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಐದು ಭೇಟಿಯಲ್ಲಿ ಒಂದರಲ್ಲಾದರೂ ಎರಡು ನಿಮಿಷ ನೋಡಿದ್ದರೆ ಬಹುಶಃ ಕಾಣುತ್ತಿತ್ತು. ಈ ಮಾತನ್ನು ನಾನು ಕಾಕಾಗೂ ಹೇಳಿದ್ದೇನೆ. ಇವತ್ತು ಇಲ್ಲಿ ಬರೆಯುತ್ತಿರುವುದೂ ಅದಕ್ಕೇ.

ನಮ್ಮ ಜನ "ಚೆಕಪ್‌ಗೆ ಬಂದೀನ್ರಿ" ಅಂತ ಬರುವುದು ಬಹಳ ಕಡಿಮೆ. ಮಗ್ಗ ನಿಲ್ಲಿಸಿದರೆ ಆ ದಿನದ ಕೂಲಿ ಹೋಯಿತು. ಕಬ್ಬು ಕಡಿಯುವ ಹಂಗಾಮಿನಲ್ಲಂತೂ ಕೇಳಲೇ ಬೇಡಿ. ಜ್ವರ ಬಂದರೆ, ಕಾಲು ಕುಯ್ದುಕೊಂಡರೆ, ಮಗುವಿಗೆ ವಾಂತಿಯಾದರೆ ಬರುತ್ತಾರೆ. ಹಾಗಾಗಿ ರೋಗ ಬರುವ ಮೊದಲೇ ಹಿಡಿಯುವ ಕೆಲಸಕ್ಕೆ ನಮ್ಮಂಥ ಫ್ಯಾಮಿಲಿ ಡಾಕ್ಟರಿಗೆ ಸಿಗುವುದು ಆ ಜ್ವರದ ಭೇಟಿಯೇ. ಅದನ್ನು ಕಳಕೊಂಡರೆ ಮುಂದಿನ ಭೇಟಿ ಯಾವಾಗಲೋ, ಯಾವ ಸ್ಥಿತಿಯಲ್ಲೋ.

ಇನ್ನೊಂದು ಕಡೆ, ಕೈಯಲ್ಲಿ ದುಡ್ಡಿರುವವರಿಗೆ "ಫುಲ್ ಬಾಡಿ ಚೆಕಪ್" ಬಂದಿದೆ. ಎಂಬತ್ತು ಟೆಸ್ಟು, ಬಣ್ಣದ ರಿಪೋರ್ಟು, ಹಬ್ಬದ ರಿಯಾಯಿತಿ ಬೇರೆ. ಪುಣೆ, ಬೆಂಗಳೂರಿನಲ್ಲಿರುವ ಮಕ್ಕಳು ಊರಲ್ಲಿರುವ ತಂದೆ-ತಾಯಿಗೆ ಪ್ರೀತಿಯಿಂದ ಮಾಡಿಸುತ್ತಾರೆ. ಆ ಪ್ರೀತಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಲೆಕ್ಕ ನೋಡಿ. ಲ್ಯಾಬಿನ 'ನಾರ್ಮಲ್' ಮಿತಿಯನ್ನು ಸಾಮಾನ್ಯವಾಗಿ ಗೊತ್ತುಮಾಡುವುದೇ ನೂರು ಆರೋಗ್ಯವಂತರಲ್ಲಿ ಐದು ಜನ ಹೊರಗೆ ಬೀಳುವಂತೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ಇಲ್ಲದ ನೂರು ಜನರಲ್ಲಿ 64 ಜನಕ್ಕೆ ಒಂದಾದರೂ ಕೆಂಪು ಅಕ್ಷರ ಬರುತ್ತದೆ. ಇನ್ನು ಎಂಬತ್ತಕ್ಕೆ? ಆ ಕೆಂಪು ಅಕ್ಷರ ಹಿಡಿದುಕೊಂಡು ಅಜ್ಜ ಅಜ್ಜಿ ನಿದ್ದೆಗೆಟ್ಟು ನನ್ನ ಮುಂದೆ ಬಂದು ಕೂರುತ್ತಾರೆ. ಅದೇ ಅಜ್ಜನ ಬಾಯನ್ನು ಯಾರೂ ನೋಡಿರುವುದಿಲ್ಲ. ಪ್ಯಾಕೇಜಿನಲ್ಲಿ ಅದು ಇಲ್ಲ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ವರ್ಷಕ್ಕೊಮ್ಮೆ ಎಲ್ಲರಿಗೂ ಒಂದೇ ಥರದ ಚೆಕಪ್ ಬಿಟ್ಟು, ವಯಸ್ಸು, ಗಂಡು-ಹೆಣ್ಣು, ಅಪಾಯ ನೋಡಿ ಆಯ್ದ ಪರೀಕ್ಷೆ ಮಾಡಿ ಎಂದು ಕೆನಡಾದ ತಜ್ಞರ ಸಮಿತಿ 1979ರಲ್ಲೇ ಹೇಳಿತು. ಸಾಮಾನ್ಯ ಚೆಕಪ್‌ಗಳ ಬಗ್ಗೆ ನಡೆದ 17 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2019ರಲ್ಲಿ ಒಟ್ಟಿಗೆ ನೋಡಿತು. ಸುಮಾರು ಎರಡೂವರೆ ಲಕ್ಷ ಜನ. ಇಂಥ ಚೆಕಪ್‌ನಿಂದ ಸಾವು ಕಡಿಮೆಯಾಗಿದ್ದು ಕಾಣಲಿಲ್ಲ. ಕೊರಿಯಾದಲ್ಲಿ ಏನೂ ತೊಂದರೆ ಇಲ್ಲದವರಿಗೂ ಥೈರಾಯ್ಡ್ ಸ್ಕ್ಯಾನ್ ಮಾಡುತ್ತಾ ಹೋದರು. 1993ರಿಂದ 2011ರೊಳಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಎಷ್ಟೋ ಜನರ ಕುತ್ತಿಗೆಗೆ ಸುಮ್ನೆ ಕತ್ತರಿ ಬಿತ್ತು.

ಅಮೆರಿಕದಲ್ಲಿ 1984ರಿಂದ ಒಂದು ತಜ್ಞರ ತಂಡ ಪ್ರತಿ ತಪಾಸಣೆಗೂ ಗ್ರೇಡ್ ಕೊಡುತ್ತಾ ಬಂದಿದೆ. ನನಗೆ ಬಹಳ ಹಿಡಿಸುವುದು ಅದರ 'ಡಿ' ಮತ್ತು 'ಐ'. ಡಿ ಅಂದರೆ ಮಾಡಬೇಡಿ. ಐ ಅಂದರೆ ಹೇಳಲು ಸಾಕಷ್ಟು ಪುರಾವೆ ಇಲ್ಲ. 70 ದಾಟಿದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕುವ ರಕ್ತಪರೀಕ್ಷೆ, ಅಂದರೆ ಪಿಎಸ್‌ಎ ತಪಾಸಣೆ ಡಿ. ರೋಗಿಗೆ "ಇದು ಬೇಡ" ಎಂದು ಧೈರ್ಯವಾಗಿ ಹೇಳುವುದೂ ನನ್ನ ಕೆಲಸ ಎಂದು ಕಲಿಸಿದ್ದು ಆ ಡಿ.

ನಮ್ಮ ದೇಶದ ಪಟ್ಟಿ ಚಿಕ್ಕದು, ಒಳ್ಳೆಯದು. 30 ದಾಟಿದವರಿಗೆ ವರ್ಷಕ್ಕೊಮ್ಮೆ ಬಿಪಿ ಮತ್ತು ಶುಗರ್. ಐದು ವರ್ಷಕ್ಕೊಮ್ಮೆ ಬಾಯಿ, ಹೆಣ್ಣುಮಕ್ಕಳಿಗೆ ಸ್ತನ ಮತ್ತು ಗರ್ಭಕೊರಳು. ಆಶಾ ಅಕ್ಕ ಮನೆಗೆ ಬಂದು ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಮನೆಯವರ ಸಕ್ಕರೆ ಕಾಯಿಲೆ ಎಲ್ಲ ಕೇಳಿ ಬರೆದುಕೊಳ್ಳುವುದು ಇದಕ್ಕೇ. ದಯವಿಟ್ಟು ಅವಳನ್ನು ಬಾಗಿಲಲ್ಲೇ ಕಳಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಪಟ್ಟಿ ಸಾಲದು ಅನಿಸುತ್ತದೆ. ತಂಬಾಕು ತಿನ್ನುವವರಿಗೆ ಐದು ವರ್ಷ ತೀರಾ ದೂರ. ನಮ್ಮದು ನಿಪ್ಪಾಣಿ ತಂಬಾಕಿನ ಸೀಮೆ. ಗಂಡಸರಿಗೆ ಎಲೆ-ಅಡಿಕೆ-ತಂಬಾಕು, ಹುಡುಗರಿಗೆ ಅಡಿಕೆ-ತಂಬಾಕಿನ ಚೀಟು. ಎಷ್ಟೋ ಹೆಣ್ಣುಮಕ್ಕಳು ಬೆಳಗಾದರೆ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ. ಅದು ತಂಬಾಕು ಅಂತಲೇ ಅವರಿಗೆ ಅನಿಸುವುದಿಲ್ಲ. ಆದ್ದರಿಂದ ನಾನು ಇಂಥವರ ಬಾಯನ್ನು ಆರು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ, ಅವರು ಯಾವುದಕ್ಕೇ ಬಂದಿರಲಿ. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. 2005ರಲ್ಲಿ ಬಂದ ಫಲಿತಾಂಶ ಇದು. ಬೇಕಾಗಿದ್ದು ಕಣ್ಣು ಮತ್ತು ಬೆಳಕು. ಇಡೀ ದೇಶದಲ್ಲೋ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಬಾಯಿ ತಪಾಸಣೆ ಆದವರು ಒಬ್ಬರಿಗಿಂತಲೂ ಕಡಿಮೆ. ಗರ್ಭಕೊರಳಿನ ತಪಾಸಣೆ ಆದವರು 1.9.

ಈ 1.9 ನೋಡಿದಾಗ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಈ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಒಂದು ಅಧ್ಯಯನ ನಡೆದಿದ್ದು ನಮ್ಮ ಪಕ್ಕದಲ್ಲೇ. ವಿಜಯಪುರದಿಂದ ಸೊಲ್ಲಾಪುರ ದಾಟಿದರೆ ಉಸ್ಮಾನಾಬಾದ್, ಈಗಿನ ಧಾರಾಶಿವ. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಹೆಂಗಸರು. ಒಂದೇ ಒಂದು ಸಲ, ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿದ ಗುಂಪಿನಲ್ಲಿ ಎಂಟು ವರ್ಷದೊಳಗೆ ಆ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗರ್ಭಕೊರಳಿಗೆ ವಿನೆಗರ್ ಹಚ್ಚಿ ಕಣ್ಣಿಂದ ನೋಡುವ ಪರೀಕ್ಷೆಗೆ ಅಲ್ಲಿ ಅಷ್ಟು ಫಲ ಸಿಗಲಿಲ್ಲ. ಆದರೆ ಮುಂಬೈಯ ಕೊಳೆಗೇರಿಗಳಲ್ಲಿ ಅದನ್ನೇ ಎರಡು ವರ್ಷಕ್ಕೊಮ್ಮೆ ಮಾಡಿದಾಗ ಸಾವು 31% ಇಳಿಯಿತು. ಹೊಲದ ಕೆಲಸದ ಹೆಣ್ಣುಮಕ್ಕಳು ಬರುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಉಸ್ಮಾನಾಬಾದ್ ಹೆಸರು ಹೇಳುತ್ತೇನೆ.

ಬೆಳಗಾವಿಯ ಹೆಸರೂ ಹೇಳಬೇಕು. ಇಲ್ಲಿನ ಜೆಎನ್ ಮೆಡಿಕಲ್ ಕಾಲೇಜಿನವರು ಸೇರಿ ನಡೆಸಿದ ಅಧ್ಯಯನದಲ್ಲಿ, ಹಳ್ಳಿಯ ನರ್ಸ್ ಅಕ್ಕಂದಿರು ಹೆರಿಗೆಯಾದ ಕೂಡಲೇ ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಹೆರಿಗೆ ನಂತರದ ಅತಿ ರಕ್ತಸ್ರಾವ 12%ನಿಂದ 6.4%ಗೆ ಇಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ಈ ಬಳಕೆಗೆ ಆ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ನಮ್ಮ ಹಳ್ಳಿಗಳಿಂದಲೂ ಮಾರ್ಗಸೂಚಿ ಹುಟ್ಟುತ್ತದೆ.

ಬಿಪಿ ಬಗ್ಗೆ ನನ್ನ ಜೊತೆಯ ಡಾಕ್ಟರುಗಳಲ್ಲಿ ಒಂದು ಬೇಡಿಕೆ. ಮೆಟ್ಟಿಲು ಹತ್ತಿ ಬಂದವರಿಗೆ, ಮಾತಾಡುತ್ತಿರುವಾಗಲೇ, ರವಿಕೆ ತೋಳಿನ ಮೇಲೆಯೇ ಪಟ್ಟಿ ಸುತ್ತಬೇಡಿ. ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಎರಡು ಸಲ ನೋಡಿ. ನಾನು ಹೊರಗಿನ ಬೆಂಚಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದೇನೆ. ಸಿಸ್ಟರ್ ಅಲ್ಲೇ ನೋಡಿ ಬರೆದು ಒಳಗೆ ಕಳಿಸುತ್ತಾರೆ. ಮಗುವಿನ ಜ್ವರಕ್ಕೆ ಬಂದ ಅಪ್ಪನ ಬಿಪಿಯನ್ನೂ ನೋಡುತ್ತಾರೆ.

ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ರೋಗ ತಡೆಯಲು ಮಾರ್ಗಸೂಚಿಯಲ್ಲಿ ಹೇಳಿರುವ ಎಲ್ಲವನ್ನೂ 2,500 ಜನರಿಗೆ ಮಾಡಲು ಒಬ್ಬ ಡಾಕ್ಟರಿಗೆ ದಿನಕ್ಕೆ 7.4 ಗಂಟೆ ಬೇಕು ಎಂದು ಅಮೆರಿಕದಲ್ಲಿ 2003ರಲ್ಲೇ ಲೆಕ್ಕ ಹಾಕಿದ್ದರು. ನನ್ನಿಂದಲೂ ಎಲ್ಲ ಆಗುವುದಿಲ್ಲ. ಅದಕ್ಕೇ ಒಂದು ಭೇಟಿಗೆ ಒಂದೇ ಒಂದು. ಇವತ್ತು ಬಾಯಿ, ಮುಂದಿನ ಸಲ ಶುಗರ್. ಫೈಲಿನ ಮೇಲೆ ತಾರೀಖು ಬರೆದಿಡುತ್ತೇನೆ.

ಹೋದ ವಾರ ಆ ಕಾಕಾ ಮಗನ ಕೈ ಹಿಡಿದುಕೊಂಡು ಬಂದರು. ಹುಡುಗನಿಗೆ ಇಪ್ಪತ್ತಾರು. ಅವನೂ ಮಗ್ಗದವನೇ. ಕಾಕಾಗೆ ಮಾತು ಸ್ಪಷ್ಟವಿಲ್ಲ. ಸನ್ನೆ ಮಾಡಿ ಮಗನ ಬಾಯಿ ತೋರಿಸಿದರು. "ನನಗೇನ್ ಆಗೇದ್ರಿ ಬಾಯಾರ, ಅಪ್ಪ ಸುಮ್ಮ ಎಳಕೊಂಡ್ ಬಂದಾನ" ಅಂದ ಅವನು. ಅವನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿಕೊಳ್ಳಲು ಹೇಳಿದೆ. ಎರಡೇ ಹೋದವು. ಒಳಗೆ ಕೆನ್ನೆ ಬಿಳಿಚಿ, ಹಗ್ಗದಂತೆ ಬಿಗಿದಿತ್ತು. ಅಡಿಕೆಯಿಂದ ಆಗುವ ಬಿಗಿತ ಅದು. ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದು. ಅವನು ಜೇಬಿನಿಂದ ಎರಡು ಚೀಟು ತೆಗೆದು ನನ್ನ ಟೇಬಲ್ ಮೇಲಿಟ್ಟ. ಬಾಯಿ ತೆರೆಯುವ ಅಭ್ಯಾಸ ತೋರಿಸಿ, ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ, ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ಬಾ ಅಂತ ಬರೆದುಕೊಟ್ಟೆ. ಅವತ್ತು ಮಗ್ಗ ಇರತದ್ರಿ ಅಂದ. ಕಾಕಾ ಚೀಟಿಯನ್ನು ತಾವೇ ಇಸಿದುಕೊಂಡು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು.