ಒಂದು ಗೋ, 14 ಜೋಡೆತ್ತು

ಇಂಗ್ಲಿಷಿನ 'ಗೋ' ಹೆಸರಿಗೆ ತಕ್ಕಂತೆ ಗೋವಿನಷ್ಟೇ ಸಾಧು. ಯಾವ ಕಡೆ ಹಗ್ಗ ಎಳೆದರೂ ಬರುತ್ತದೆ. ಬೀದಿ ಕೊನೆಯ ಅಂಗಡಿಗೂ ಅದೇ, ಅಮೆರಿಕಕ್ಕೂ ಅದೇ. ಹಾಲು ಕೆಟ್ಟರೆ ಅದೇ, ತಲೆ ಕೆಟ್ಟರೂ ಅದೇ. ಅಲಾರಾಂ ಬಡಿದುಕೊಂಡರೆ ಅದೇ, ಹೋಟೆಲಿನಿಂದ ಕಾಫಿ ಪಾರ್ಸೆಲ್ ಮಾಡಿಸಿಕೊಂಡರೂ ಅದೇ. ಇಂಥ ಬಡಪಾಯಿಯನ್ನು ರಷ್ಯನ್ ಭಾಷೆಯ ಗಡಿ ದಾಟಿಸಿ ನೋಡಿ. ಆಚೆ ಕಡೆ ಹಸುವೇ ಇರುವುದಿಲ್ಲ, ಕೊಟ್ಟಿಗೆ ತುಂಬ ಜೋಡೆತ್ತುಗಳು.

ಉತ್ಪ್ರೇಕ್ಷೆಯಲ್ಲ. ರಷ್ಯನ್ ವ್ಯಾಕರಣದಲ್ಲಿ ಚಲನೆಯ ಕ್ರಿಯಾಪದಗಳಿಗೆಂದೇ ಬೇರೆ ಅಧ್ಯಾಯವಿದೆ. ನಡೆಯುವುದು, ಓಡುವುದು, ಹಾರುವುದು, ಈಜುವುದು, ತೆವಳುವುದು, ಹತ್ತುವುದು, ಹೊತ್ತೊಯ್ಯುವುದು, ಎಳೆದೊಯ್ಯುವುದು ಎಲ್ಲ ಸೇರಿ 14 ಜೋಡಿ ಎಂದು ಸಾಮಾನ್ಯ ಲೆಕ್ಕ. ಇನ್ನೂ ಕೆಲವು ಜೋಡಿ ಹೆಚ್ಚು ಎಣಿಸುವ ಮೇಷ್ಟರೂ ಇದ್ದಾರೆ. ದನದ ಜಾತ್ರೆಯಲ್ಲಿ ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬರುವುದು ಇದ್ದದ್ದೇ.

ಪ್ರತಿ ಜೋಡಿಯಲ್ಲೂ ಒಂದು ಗಾಡಿ ಎತ್ತು, ಇನ್ನೊಂದು ಗಾಣದೆತ್ತು. ಗಾಡಿ ಎತ್ತು ಮೂಗಿನ ನೇರಕ್ಕೆ ಒಂದೇ ದಿಕ್ಕಿಗೆ ಹೋಗುತ್ತದೆ, ಈಗ ಹೋಗುತ್ತಿದೆ, ಕಣ್ಣಿಗೆ ಕಾಣುತ್ತಿದೆ. ಗಾಣದೆತ್ತು ಸುತ್ತುತ್ತದೆ: ದಿನಾ ಹೋಗುವುದು, ಹೋಗಿ ಬರುವುದು, ಅಲ್ಲಿ ಇಲ್ಲಿ ಅಡ್ಡಾಡುವುದು ಎಲ್ಲ ಅದರ ಪಾಲು. ಕಾಲ್ನಡಿಗೆಗೆ ಗಾಡಿ ಎತ್ತು 'ಇತ್ತೀ', ಗಾಣದೆತ್ತು 'ಖದೀತ್'. ವಾಹನಕ್ಕೆ ಗಾಡಿ ಎತ್ತು 'ಯೇಖತ್', ಗಾಣದೆತ್ತು 'ಯೇಜ್ದಿತ್'. ವಿಮಾನಕ್ಕೆ ಬೇರೆ ಜೋಡಿ, ನೀರಿಗೆ ಬೇರೆ ಜೋಡಿ. 'ನಾನು ಹೋಗುತ್ತಿದ್ದೇನೆ' ಎನ್ನಲು ಬಾಯಿ ತೆರೆಯುವ ಮೊದಲೇ ಕಾಲಲ್ಲೋ ಚಕ್ರದಲ್ಲೋ ಎಂದು ತೀರ್ಮಾನವಾಗಿರಬೇಕು. ನಡೆದು ಹೊರಟವನು 'ಯಾ ಇದೂ' ಅನ್ನುತ್ತಾನೆ, ಗಾಡಿಯಲ್ಲಿ ಕೂತವನು 'ಯಾ ಯೇದು' ಅನ್ನುತ್ತಾನೆ. ನಮ್ಮಲ್ಲಿ ಏದುಸಿರು ಬಿಡುವವನು ನಡೆಯುವವನು. ಅಲ್ಲಿ 'ಯೇದು' ಅನ್ನುವವನು ಕಿಟಕಿ ಪಕ್ಕ ಆರಾಮವಾಗಿ ಕೂತಿರುತ್ತಾನೆ. ಹೀಗೆ ತಿರುಗುಮುರುಗು ಮಾಡಿಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

ಮೊದಲ ಅನಾಹುತ ಆಗುವುದು ರಜೆಯ ಹೊತ್ತಿಗೆ. ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಹಾಸ್ಟೆಲಿನ ಅಜ್ಜಿಗೆ ಸಂಭ್ರಮದಿಂದ 'ಯಾ ಇದೂ ವ್ ಇಂದಿಯು' ಅಂದರೆ ಅಜ್ಜಿ ಮೊದಲು ನೋಡುವುದು ಇವರ ಕಾಲಿನ ಬೂಟನ್ನು. ಅವಳಿಗೆ ಕೇಳಿಸಿದ್ದು 'ಇಂಡಿಯಾಕ್ಕೆ ನಡ್ಕೊಂಡು ಹೊರಟಿದ್ದೇನೆ' ಎಂದು. ವಿಮಾನವಾದ್ದರಿಂದ 'ಯಾ ಲಿಚೂ' ಅನ್ನಬೇಕು. ಅದರಲ್ಲೂ ಒಂದು ತಮಾಷೆ ಇದೆ. 'ಹಾರುತ್ತಿದ್ದೇನೆ' ಎಂಬುದಕ್ಕೂ 'ಚಿಕಿತ್ಸೆ ಕೊಡುತ್ತಿದ್ದೇನೆ' ಎಂಬುದಕ್ಕೂ ರಷ್ಯನ್‌ನಲ್ಲಿ 'ಲಿಚೂ' ಒಂದೇ ರೂಪ. ಮೂರನೇ ವರ್ಷದ ವೈದ್ಯ ವಿದ್ಯಾರ್ಥಿಯ ಬಾಯಲ್ಲಿ ಮೊದಲನೆಯ ಅರ್ಥವೇ ಕ್ಷೇಮ.

ಇಂಡಿಯಾಕ್ಕೆ 'ನಡೆದು' ಬಂದೆ ಎಂದು ಬರೆಸಿಕೊಂಡ ರಷ್ಯನ್ ಒಬ್ಬನಿದ್ದಾನೆ, ಅವನೂ ಬಂದದ್ದು ನಮ್ಮ ಬೀದರಿಗೆ. 15ನೇ ಶತಮಾನದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕೀತಿನ್. ಅವನ ಪ್ರವಾಸ ಕಥನಕ್ಕೆ 'ಖಝೇನಿಯೆ ಜಾ ತ್ರಿ ಮೋರ್ಯಾ' ಎಂದು ಹೆಸರು. 'ಮೂರು ಕಡಲಾಚೆಯ ನಡಿಗೆ' ಎಂದಂತೆ. ಕಾಸ್ಪಿಯನ್, ಹಿಂದೂ ಸಾಗರ, ಕಪ್ಪು ಸಮುದ್ರ ಮೂರನ್ನೂ ದಾಟಿದ್ದು ಹಡಗಿನಲ್ಲೇ. ಜೊತೆಯಲ್ಲಿ ಮಾರಲು ತಂದ ಕುದುರೆ ಬೇರೆ, ಅದನ್ನು ಮಾರಿದ್ದು ಬಹಮನಿಗಳ ಬೀದರಿನಲ್ಲಿ. ಆದರೂ ಹೆಸರಿನಲ್ಲಿ ಇರುವುದು ಕಾಲ್ನಡಿಗೆಯ ಗಾಣದೆತ್ತು 'ಖದೀತ್'. ಹಳೆಯ ರಷ್ಯನ್‌ನಲ್ಲಿ ಯಾತ್ರೆ, ದೂರ ಪ್ರಯಾಣದ ಬರಹಗಳಿಗೆಲ್ಲ ಅದೇ ಹೆಸರು. ಗಾಣದೆತ್ತಿನಲ್ಲಿ ಹೋಗಿ ಬರುವುದೂ ಅಡಗಿದೆ ಅಂದೆವಲ್ಲ. ಪಾಪ, ಆತ ತ್ವೇರ್ ತಲುಪಲಿಲ್ಲ, ಸ್ಮೊಲೆನ್ಸ್ಕ್ ಸೇರುವ ಮೊದಲೇ ತೀರಿಕೊಂಡ.

ಕಾಲು, ಚಕ್ರದ ಭೇದಕ್ಕೆ ಒಳಸುಳಿಗಳಿವೆ. ಎಸ್ಕಲೇಟರಿನ ಮೇಲೆ ಸುಮ್ಮನೆ ನಿಂತವನು, ಕುದುರೆ ಏರಿದವನು, ಅಪ್ಪನ ಹೆಗಲ ಮೇಲಿನ ಮಗು, ಎಲ್ಲರೂ 'ಯೇಖತ್' ಪಂಗಡ. ಸ್ವಂತ ಕಾಲು ಆಡುತ್ತಿಲ್ಲವಲ್ಲ. ಆದರೆ ಊರೊಳಗಿನ ನಾಟಕಕ್ಕೆ ಮೆಟ್ರೋದಲ್ಲೇ ಹೋಗಿ ಬಂದರೂ 'ಖದೀಲಿ' ಅನ್ನುತ್ತಾರೆ, ಮಗು ಬಸ್ಸಿನಲ್ಲಿ ಸ್ಕೂಲಿಗೆ ಹೋದರೂ 'ಖೋದಿತ್'. ಅಲ್ಲಿ ಮುಖ್ಯವಾದದ್ದು ನಾಟಕ, ಸ್ಕೂಲು, ಸವಾರಿಯಲ್ಲ. ಇನ್ನು ರೈಲು, ಟ್ರಾಮು, ಬಸ್ಸುಗಳು ತಮ್ಮ ಮಾರ್ಗದಲ್ಲಿ 'ನಡೆಯುತ್ತವೆ'. ಅವುಗಳ ಒಳಗೆ ಕೂತ ಜನ ಮಾತ್ರ 'ಯೇಖತ್'. ಹಡಗಿನವರದ್ದು ಬೇರೆಯೇ ಗತ್ತು. ವ್ಯಾಕರಣ ಪುಸ್ತಕ ಅವರಿಗೆ 'ಪ್ಲಾವತ್', ಅಂದರೆ ತೇಲು, ಈಜು ಎಂಬುದನ್ನು ಕೊಟ್ಟಿದೆ. ರಷ್ಯನ್ ನಾವಿಕನ ಮುಂದೆ ಹಾಗಂದರೆ ಸಿಟ್ಟಾಗುತ್ತಾನೆ: 'ನಾವು ಸಮುದ್ರದ ಮೇಲೆ ನಡೆಯುವವರು ಸ್ವಾಮಿ, ತೇಲುವುದು ಬೇರೆ ವಸ್ತು.' ಆ ವಸ್ತು ಯಾವುದೆಂದು ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ.

ಇಷ್ಟೆಲ್ಲ ಗೋಜಲು ಹುಟ್ಟುವುದು ಎಲ್ಲಿ ಎಂದು ಹುಡುಕಿದರೆ, ರಷ್ಯನ್‌ನಲ್ಲಿ ಅಲ್ಲ. ಕನ್ನಡದವರು ರಷ್ಯನ್ ಕಲಿಯುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕದಿಂದ. ತಲೆಯಲ್ಲಿ ಹೊಳೆದ ಕನ್ನಡವನ್ನು ಮೊದಲು 'ಗೋ' ಎಂಬ ಸುಂಕದ ಕಟ್ಟೆಯಲ್ಲಿ ನಿಲ್ಲಿಸುತ್ತೇವೆ. ಅಲ್ಲಿ ಗಂಟುಮೂಟೆ ಬಿಚ್ಚಿಸಿ ಅರ್ಧ ಸಾಮಾನು ಇಟ್ಟುಕೊಂಡು ಬರಿಗೈಯಲ್ಲಿ ಕಳಿಸುತ್ತಾರೆ. ರಷ್ಯನ್‌ಗೆ ಬೇಕಾಗಿದ್ದದ್ದು ಆ ಇಟ್ಟುಕೊಂಡ ಸಾಮಾನೇ.

ಉದಾಹರಣೆಗೆ ಬಾಗಿಲು ತಟ್ಟಿ 'ಇವಾನ್ ಇದ್ದಾನಾ' ಎಂದು ಕೇಳಿದಿರಿ. 'ಪಶೋಲ್ ವ್ ಮಗಜೀನ್' ಅಂದರೆ ಅಂಗಡಿಗೆ ಹೋದ, ಇನ್ನೂ ಬಂದಿಲ್ಲ. ('ಇತ್ತೀ' ಎಂಬ ಗಾಡಿ ಎತ್ತು ಭೂತಕಾಲದಲ್ಲಿ 'ಶೋಲ್' ಎಂದು ವೇಷ ಬದಲಿಸುತ್ತದೆ.) (ಮಗಜೀನ್ ಅಂದರೆ ಅಂಗಡಿ, ವಾರಪತ್ರಿಕೆ ಕೊಳ್ಳಲು ಹೋಗಿ ಮೊಸರು ತಂದವರಿದ್ದಾರೆ.) 'ಖದೀಲ್ ವ್ ಮಗಜೀನ್' ಅಂದರೆ ಹೋಗಿದ್ದ, ಬಂದೂ ಆಯಿತು, ಒಳಗೇ ಇರಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ 'ವೆಂಟ್' ಎಂದು ಒಂದೇ ಅರ್ಥ ಬರೆದುಕೊಂಡು ವಿದ್ಯಾರ್ಥಿ ಕಣ್ಣು ಕಣ್ಣು ಬಿಡುತ್ತಾನೆ. ಕನ್ನಡದಲ್ಲಿ ಕೇಳಿಕೊಂಡಿದ್ದರೆ? 'ಅಂಗಡಿಗೆ ಹೋದ', 'ಅಂಗಡಿಗೆ ಹೋಗಿಬಂದ'. ಮುಗಿಯಿತು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂದರೆ ಬೈಸಿಕೊಂಡು 'ಹೋಗಿ ಬರ್ತೀನಿ' ಎಂದು ತಿದ್ದಿಸಿಕೊಂಡ ಜನ ನಾವು. ಗಾಡಿ ಎತ್ತಿಗೂ ಗಾಣದೆತ್ತಿಗೂ ಇರುವ ವ್ಯತ್ಯಾಸವನ್ನು ನಮಗೆ ಅಜ್ಜಿಯಂದಿರು ಹೊಸಿಲ ಮೇಲೆ ನಿಲ್ಲಿಸಿ ಕಲಿಸಿದ್ದಾರೆ.

'ಬರು' ಎಂಬುದಕ್ಕೂ ಇದೇ ಮಾತು. ರೂಮಿನ ಜೊತೆಗಾರ 'ಮನೆ ಒಡತಿ ಪ್ರಿಖದೀಲಾ' ಅಂದರೆ ಬಂದಿದ್ದಳು, ಹೋದಳು, ಉಸಿರು ಬಿಡಬಹುದು. 'ಪ್ರಿಶ್ಲಾ' ಅಂದರೆ ಬಂದಿದ್ದಾಳೆ, ಬಾಗಿಲಲ್ಲೇ ನಿಂತಿದ್ದಾಳೆ, ಬಾಡಿಗೆ ತೆಗೆದಿಡಿ. ಆಫೀಸಿಗೆ ಫೋನ್ ಮಾಡಿದಾಗ 'ವೀಶೆಲ್' ಎಂದರೆ ಹೀಗೇ ಹೊರಗೆ ಹೋಗಿದ್ದಾರೆ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬಹುದು. 'ಉಶೋಲ್' ಎಂದರೆ ಹೊರಟುಹೋದರು, ನಾಳೆ ನೋಡಿಕೊಳ್ಳಿ. ಎರಡೂ 'ಗೋ'ಗಳೇ ಎಂದುಕೊಂಡು ಮೆಟ್ಟಿಲ ಮೇಲೆ ಸಂಜೆವರೆಗೆ ಕಾದವರಿಗೆ ಕಾವಲುಗಾರನೇ ವ್ಯಾಕರಣ ಹೇಳಿಕೊಡುತ್ತಾನೆ.

ಈ ತಲೆಗಟ್ಟುಗಳನ್ನು, ಅಂದರೆ ಪದದ ಮುಂದೆ ಅಂಟುವ ಉಪಸರ್ಗಗಳನ್ನು ಕಲಿಯಲು ಒಬ್ಬನನ್ನು ಬ್ರೆಡ್ ತರಲು ಕಳಿಸಿ ನೋಡುವುದು ಒಳ್ಳೆಯ ಉಪಾಯ. ಮನೆಯಿಂದ 'ವೀಶೆಲ್', ಹೊರಬಿದ್ದ. ಅಂಗಡಿ ಕಡೆ 'ಪಶೋಲ್', ಹೊರಟ. ಔಷಧಿ ಅಂಗಡಿಯ ಪಕ್ಕದಿಂದ 'ಪ್ರಶೋಲ್', ಹಾದುಹೋದ. ರಸ್ತೆಯನ್ನು 'ಪೆರೆಶೋಲ್', ದಾಟಿದ. ಬಾಗಿಲ ಹತ್ತಿರ 'ಪದಶೋಲ್', ಸಮೀಪಿಸಿದ. 'ವಶೋಲ್', ಒಳಹೊಕ್ಕ. ಗಲ್ಲಾಪೆಟ್ಟಿಗೆಯಿಂದ 'ಅತಶೋಲ್', ಪಕ್ಕಕ್ಕೆ ಸರಿದ. ದಾರಿಯಲ್ಲಿ ಸ್ನೇಹಿತನ ಮನೆಗೆ 'ಜಶೋಲ್', ಹಾಗೇ ಒಂದು ನಿಮಿಷ ತಲೆಹಾಕಿದ. ಕೊನೆಗೆ ಮನೆಗೆ 'ಪ್ರಿಶೋಲ್', ಬಂದ. ಒಂದು ಬ್ರೆಡ್ಡಿಗೆ ಒಂಬತ್ತು ಕ್ರಿಯಾಪದ. ಇದರಲ್ಲಿ ಒಂದು ತಲೆ ತಪ್ಪಿದರೂ ಮನುಷ್ಯ ಬೇರೆ ಕಡೆ ಇರುತ್ತಾನೆ. ಅತಿಥಿಗೆ 'ಜಖದೀತೆ' ಎನ್ನುವುದು ನಮ್ಮ 'ಬಂದು ಹೋಗಿ' ಎನ್ನುವ ಉಪಚಾರ. ಅದರ ಜಾಗದಲ್ಲಿ 'ಉಖದೀತೆ' ಎಂದರೆ 'ಹೊರಟು ಹೋಗಿ'. ಒಂದಕ್ಷರದಲ್ಲಿ ಸಂಬಂಧವೇ ಕಡಿದುಹೋಗುತ್ತದೆ.

ಅತಿ ಹೆಚ್ಚು ಪೆಟ್ಟು ತಿನ್ನಿಸುವುದು 'ಪಶೋಲ್'. ಗಂಡಸು ತನ್ನ ಬಗ್ಗೆ 'ನೂ, ಯಾ ಪಶೋಲ್' ಅಂದರೆ (ಹೆಂಗಸಾದರೆ 'ಪಶ್ಲಾ') ಅದು ಭೂತಕಾಲದಲ್ಲಿದ್ದರೂ ಆಸಾಮಿ ಇನ್ನೂ ಎದುರಿಗೇ ಇರುತ್ತಾನೆ. ಇಂಗ್ಲಿಷಿನವರಿಗೆ ಇದು ಮಹಾ ಸೋಜಿಗ. ನಮಗೇನು ಸೋಜಿಗ? 'ಸರಿ, ನಾನು ಹೊರಟೆ' ಎಂದು ಹೇಳಿ ಗೇಟಿನ ಬಳಿ ಅರ್ಧ ಗಂಟೆ ಮಾತಾಡುವವರು ನಾವೇ. ಸ್ನೇಹಿತರ ಗುಂಪಿಗೆ 'ಪಶ್ಲೀ' ಎಂದರೆ 'ನಡೀರಿ ಹೋಗೋಣ'. ಹಿರಿಯರಿಗೆ 'ಪೈದ್ಯೋಮ್‌ತೆ' ಎಂದರೆ ಮರ್ಯಾದೆ. ಆದರೆ ಎದುರಿನ ಒಬ್ಬನಿಗೆ 'ಪಶೋಲ್' ಎಂದು ಬೆರಳು ತೋರಿಸಿದಿರೋ, 'ತೊಲಗಾಚೆ' ಅಂದಂತೆ. ಪ್ರಾಧ್ಯಾಪಕರಿಗೆ ಬಾಗಿಲು ತೆಗೆದು ಹಿಡಿದು ವಿನಯದಿಂದ ಇದನ್ನು ಹೇಳುವುದಕ್ಕಿಂತ ಬಾಗಿಲು ತೆಗೆಯದಿರುವುದೇ ವಾಸಿ.

ವಾಹನದ 'ಹೊರಟೆವು' ಎಂದರೆ 'ಪಯೇಖಲಿ'. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೊರಟಾಗ ಆಡಿದ್ದು ಇದೊಂದೇ ಮಾತು ಎಂಬಷ್ಟು ಪ್ರಸಿದ್ಧ. 108 ನಿಮಿಷದಲ್ಲಿ ಭೂಮಿಯನ್ನೇ ಸುತ್ತಿಬಂದ ಮನುಷ್ಯ ಹಾರುವ ಜೋಡಿಯನ್ನು ಮುಟ್ಟಲೇ ಇಲ್ಲ. ಟ್ಯಾಕ್ಸಿ ಡ್ರೈವರ್ ಗೇರು ಹಾಕುವಾಗ ಹೇಳುವ ನೆಲದ ಮಾತನ್ನೇ ಹೇಳಿದ. ನಮ್ಮ ಕಂಡಕ್ಟರ್ ಆಗಿದ್ದರೆ 'ರೈಟ್, ರೈಟ್' ಅಂದಿರುತ್ತಿದ್ದ.

ಯಾರ ಬಳಿಗೆ ಹೋಗುತ್ತೀರಿ ಎಂಬಲ್ಲೂ ಗುಂಡಿ ಇದೆ. ಊರಿಗೆ, ಸ್ಕೂಲಿಗೆ ಎನ್ನಲು ಹೆಸರಿನ ಮುಂದೆ 'ವ್', ಅಂದರೆ 'ಒಳಕ್ಕೆ'. ಪೋಸ್ಟಾಫೀಸು, ಮಾರ್ಕೆಟ್ಟು, ಕೆಲಸಕ್ಕೆ 'ನಾ'. ಮನುಷ್ಯರಾದರೆ 'ಕ್'. ಜ್ವರ ಬಂದು ಡಾಕ್ಟರಿಗೆ 'ವ್' ಹಚ್ಚಿದರೆ ನೀವು ಡಾಕ್ಟರ ಹೊಟ್ಟೆಯೊಳಗೆ ಹೊರಟಂತೆ. 'ಕ್ ವ್ರಚೂ' ಸರಿ. ಕನ್ನಡದಲ್ಲೂ ಆಸ್ಪತ್ರೆಗೆ ಹೋಗುತ್ತೇವೆ, ಡಾಕ್ಟರ 'ಹತ್ತಿರ' ಹೋಗುತ್ತೇವೆ. ಆ 'ಹತ್ತಿರ'ವೇ ಈ 'ಕ್'.

ಇನ್ನು ಚಲನೆಯೇ ಇಲ್ಲದ 'ಗೋ'ಗಳು. ಇಲ್ಲಿ 'ಹೋಗು' ಕೈಬಿಟ್ಟು 'ನಡೆ' ಹಿಡಿದರೆ ಅರ್ಧ ಕೆಲಸ ಸಲೀಸು. ಕ್ಲಾಸು ನಡೆಯುತ್ತಿದೆ, ಗಡಿಯಾರ ನಡೆಯುತ್ತಿದೆ, ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ: ರಷ್ಯನ್‌ನಲ್ಲೂ ಒಂದಾದರೆ 'ಇದ್ಯೋತ್', ಹಲವಾದರೆ 'ಇದೂತ್'. ಚೆಸ್ ಆಟದಲ್ಲಿ ನಮ್ಮದು 'ನಡೆ', ಅವರದು 'ಖೋದ್', ಅದೇ ನಡಿಗೆ. ಮಳೆ, ಹಿಮ ಕೂಡ ಅಲ್ಲಿ ಬೀಳುವುದಕ್ಕಿಂತ ನಡೆಯುವುದೇ ಹೆಚ್ಚು. ಸಿನಿಮಾ ಮಾತ್ರ ನಮ್ಮಲ್ಲಿ ಓಡುತ್ತದೆ, ಅಲ್ಲಿ ಎಂಥ ಸೂಪರ್ ಹಿಟ್ ಆದರೂ ನಡೆಯುತ್ತದೆ. ಉಡುಪು ಒಪ್ಪುವುದಕ್ಕೂ 'ಇದ್ಯೋತ್'; ಆದರೆ 'ನಿಮಗೆ' ಎಂಬ 'ವಾಮ್' ಬಿಡಬಾರದು. ಬಿಟ್ಟರೆ ಹೊಗಳಿಕೆ ಹೋಗಿ, ಖಾಲಿ ಫ್ರಾಕೊಂದು ಬೀದಿಯಲ್ಲಿ ನಡೆದು ಬರುತ್ತಿದೆ ಎಂಬ ಭೂತದ ಕಥೆಯಾಗುತ್ತದೆ.

ಕೆಟ್ಟುಹೋಗುವುದಕ್ಕೆ 'ನಡೆ' ಉಪಯೋಗಕ್ಕೆ ಬರುವುದಿಲ್ಲ, ಅಡುಗೆಮನೆಯನ್ನೇ ಕೇಳಬೇಕು. ಹಾಲು 'ಪ್ರಕೀಸ್ಲ', ಹುಳಿಯಾಯಿತು. ಮಾಂಸ 'ಪ್ರತೂಖ್ಲ', ನಾತ ಹಿಡಿಯಿತು. ಬೆಣ್ಣೆ 'ಪ್ರಗೋರ್ಕ್ಲ', ಕಮಟಾಯಿತು. ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಣ್ಣು ಕೊಳೆಯುತ್ತದೆ ಎಂದು ಭೇದ ಮಾಡುವವರಿಗೆ ಇದು ಕಷ್ಟವಾಗಬಾರದು. ಹುಚ್ಚು ಹಿಡಿದರೆ 'ಸಯ್ತೀ ಸ್ ಉಮಾ', ಅಕ್ಷರಶಃ ಬುದ್ಧಿಯ ಮೇಲಿಂದ ಇಳಿದುಹೋಗುವುದು. 'ಉಮ್' ಎಂದರೆ ಬುದ್ಧಿ, ಉಮಾ ಎಂಬ ಹೆಸರಿನವರು ಬೇಜಾರಾಗಬೇಕಿಲ್ಲ. ಕಾಫಿ ಪಾರ್ಸೆಲ್ ಬೇಕಾದರೆ 'ಸ್ ಸಬೋಯ್', 'ಜೊತೆಗೆ' ಎನ್ನಿ. 'ಇತ್ತೀ' ಗಿತ್ತೀ ಎಂದರೆ ಕಾಫಿಯೇ ಎದ್ದು ನಡೆಯಬೇಕೇನೋ ಎಂದು ಹುಡುಗಿ ಲೋಟ ನೋಡುತ್ತಾಳೆ. 'ಹೋಗ್ಲಿ ಬಿಡಿ' ಅನ್ನಲು 'ಲಾದ್ನ' ಸಾಕು.

ಮಾಸ್ಕೋ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಬಂದಾಗ ಕೇಳಿಬರುವ ಮಾತು 'ಪೋಯೆಜ್ದ್ ದಾಲ್ಶೆ ನೆ ಇದ್ಯೋತ್'. ರೈಲು ಮುಂದಕ್ಕೆ ನಡೆಯುವುದಿಲ್ಲ, ಡಬ್ಬಿ ಖಾಲಿ ಮಾಡಿ ಎಂದು ಕೋರಿಕೆ. ಹೊಸಬರು ಇದರಲ್ಲಿ 'ಇದ್ಯೋತ್' ಒಂದನ್ನೇ ಹಿಡಿದುಕೊಂಡು, ಓ ರೈಲು ಹೋಗುತ್ತದಂತೆ ಎಂದು ಕೂತೇ ಇರುತ್ತಾರೆ. ಅದರ ಹಿಂದಿನ 'ನೆ' ಗಮನಿಸಿ ಇಳಿಯಬೇಕು.