ಸೀಟು ಸಿಕ್ಕಿದ ಮೇಲೆ ಇಳಿಯುವುದುಂಟಾ?

ಬಸ್ಸಿನಲ್ಲಿ ಸೀಟು ಸಿಕ್ಕಲಿಕ್ಕೆ ಯೋಗ ಬೇಕು. ಇಪ್ಪತ್ತೆಂಟು ವರ್ಷ ಕೇರಳದ ಕಾಸರಗೋಡಿನ ನೀರ್ಚಾಲಿನಿಂದ ಕುಂಬಳೆಗೆ ಲೈನ್ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು, ಹಾಗಾಗಿ ಇದನ್ನು ಅಧಿಕಾರದಿಂದ ಹೇಳಬಲ್ಲೆ. ಬಸ್ಸು ಬದಿಯಡ್ಕದಲ್ಲೇ ತುಂಬಿ ಬರುತ್ತಿತ್ತು. ನಮಗೆ ಉಳಿಯುತ್ತಿದ್ದದ್ದು ಮೇಲಿನ ಕಂಬಿ, ಅದೂ ಇನ್ನೊಬ್ಬರ ಕೈ ಇಲ್ಲದ ಕಡೆ. ಹಾಗಾಗಿ ಕೂತವರಲ್ಲಿ ಯಾರು ಎಲ್ಲಿ ಇಳಿಯುತ್ತಾರೆ ಎಂದು ಮುಖ ನೋಡಿ ಹೇಳುವ ವಿದ್ಯೆ ಕಲಿತೆ. ಚೀಲದ ಹಿಡಿ ಸರಿ ಮಾಡಿಕೊಂಡರೆ ಸೀತಾಂಗೋಳಿ. ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರೆ ಕುಂಬಳೆ, ಅವರ ಹತ್ತಿರ ನಿಂತು ಉಪಯೋಗ ಇಲ್ಲ. ಇಷ್ಟು ಸಾಧನೆ ಮಾಡಿ ಸೀಟು ಸಿಕ್ಕಿತೆಂದರೆ, ಮತ್ತೆ ಏಳುವ ಮಾತೇ ಇಲ್ಲ.

ಇಂಥವನನ್ನು ಮಗ ದುಬೈಯಲ್ಲಿ ಹಾಪ್ ಆನ್ ಹಾಪ್ ಆಫ್ ಬಸ್ಸಿಗೆ ಹತ್ತಿಸಿದ.

ಜನವರಿ ತಿಂಗಳು. ನಾನೂ ಹೆಂಡತಿಯೂ ಮಂಗಳೂರಿನಿಂದ ವಿಮಾನ ಹತ್ತಿ ಬಂದಿದ್ದೆವು. ಮಗನಿಗೆ ಆಫೀಸು, ಸೊಸೆಗೂ ಆಫೀಸು. ಇಡೀ ದಿನ ಹದಿನಾಲ್ಕನೇ ಮಹಡಿಯಲ್ಲಿ ಕೂತು ಎದುರಿನ ಕಟ್ಟಡದ ಹದಿನಾಲ್ಕನೇ ಮಹಡಿ ನೋಡುವುದು ಬೇಡ ಎಂದು ಇಬ್ಬರಿಗೂ ಟಿಕೆಟ್ ತೆಗೆದಿದ್ದ. "ಇಪ್ಪತ್ನಾಲ್ಕು ಗಂಟೆ ನಡೀತದೆ ಅಪ್ಪಾ. ಎಲ್ಲಿ ಬೇಕಾದ್ರೂ ಇಳೀಬಹುದು, ಎಲ್ಲಿ ಬೇಕಾದ್ರೂ ಹತ್ಬಹುದು."

"ಅದರಲ್ಲಿ ಎಂತ ವಿಶೇಷ?" ಎಂದೆ. ನಮ್ಮಲ್ಲಿ ಕೈ ತೋರಿಸಿದರೆ ಗೇಟಿನ ಎದುರೇ ನಿಲ್ಲಿಸುತ್ತಾರೆ. ಅಜ್ಜಿಯೊಬ್ಬರು ದೂರದ ತೋಟದ ದಾರಿಯಲ್ಲಿ ಬರುವುದು ಕಂಡರೆ ಡ್ರೈವರ್ ಎರಡು ನಿಮಿಷ ಕಾಯುವುದೂ ಉಂಟು.

"ಟಿಕೆಟಿಗೆ ಎಷ್ಟಾಯಿತು?" ಎಂದು ಇವಳು ಕೇಳಿದಳು.

"ಅದೆಲ್ಲ ಬಿಡು ಅಮ್ಮ" ಎಂದ.

ಬಿಡು ಎಂದರೆ ಜಾಸ್ತಿಯೇ ಆಗಿರಬೇಕು. ಇವಳು ಮನಸ್ಸಿನಲ್ಲೇ ಒಂದು ಮೊತ್ತ ಹಾಕಿ, ಅದನ್ನು ಆಗಿನ ದಿರ್ಹಂ ರೇಟು ಇಪ್ಪತ್ಮೂರೂವರೆ ರೂಪಾಯಿಯಿಂದ ಗುಣಿಸಿ, ಇಪ್ಪತ್ನಾಲ್ಕು ಗಂಟೆಯಿಂದ ಭಾಗಿಸಿದಳು. ನಿದ್ದೆಯ ಗಂಟೆ ಬಸ್ಸಿನವನಿಗೆ ಲಾಭ, ನಮಗೆ ನಷ್ಟ ಎಂದು ತೀರ್ಮಾನವಾಯಿತು.

ಹತ್ತಿದೆವು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಮಾಡು ಇಲ್ಲ, ಬರೀ ಆಕಾಶ. ಎದುರಿನ ಸಾಲೇ ಖಾಲಿ! ಎರಡು ಸೀಟು, ಒಟ್ಟೊಟ್ಟಿಗೆ. ನನಗೆ ಆದ ಸಂತೋಷ ಹೇಳಿದರೆ ನಗುತ್ತೀರಿ. ಅಭ್ಯಾಸಬಲದಿಂದ ಕೈಯಲ್ಲಿದ್ದ ಟವೆಲನ್ನು ಮೊದಲು ಸೀಟಿಗೆ ಎಸೆದು ಆಮೇಲೆ ಹೋಗಿ ಕೂತೆ. ಹಿಂದೆ ಇದ್ದದ್ದು ಇಬ್ಬರು ಬಿಳಿಯ ಹೆಂಗಸರು ಮಾತ್ರ. ಅವರು ಟವೆಲನ್ನೂ ನನ್ನನ್ನೂ ಒಮ್ಮೆ ನೋಡಿದರು.

ಊರು ತೋರಿಸುವುದಕ್ಕೆಂದೇ ಬಸ್ಸು ಓಡಿಸುವುದು ಹೊಸ ಯೋಚನೆ ಅಲ್ಲ. ಲಂಡನ್ನಿನಲ್ಲಿ 1951ರ ದೊಡ್ಡ ಉತ್ಸವದ ಸಮಯಕ್ಕೇ ಇಂಥ ಬಸ್ಸು ಓಡಿತ್ತಂತೆ. ನಮ್ಮ ಮೈಸೂರಿನಲ್ಲಿ ಅಂಬಾರಿ ಅಂತ ಹೆಸರಿಟ್ಟು ಮೇಲೆ ಮಾಡು ಇಲ್ಲದ ಡಬಲ್ ಡೆಕ್ಕರ್ ಓಡಿಸುತ್ತಾರೆ, ದಸರಾ ದೀಪ ನೋಡಲು ಒಳ್ಳೆಯದು. ಆದರೆ ಹತ್ತಿ ಇಳಿಯುವ ಈ ಬಸ್ಸಿನ ಕ್ರಮ ಬೇರೆ. ಇದು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ಒಂದು ಸ್ಟಾಪಿನಲ್ಲಿ ಇಳಿದರೆ ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತದೆ, ಅದಕ್ಕೆ ಹತ್ತಬೇಕು. ಅಯ್ಯೋ, ಹಿಂದಿನ ಸ್ಟಾಪಿನಲ್ಲಿ ಇಳಿಯಬೇಕಿತ್ತು ಎಂದರೆ ಇಡೀ ಸುತ್ತು ಹೋಗಿ ಬರಬೇಕು. ಬೇರೆ ಬೇರೆ ದಾರಿಗೆ ಬೇರೆ ಬೇರೆ ಬಣ್ಣ. ಬಣ್ಣ ನೋಡಿ ಬಸ್ಸು ಹತ್ತುವುದು ನಮಗೆ ಹೊಸತಲ್ಲ. ನಮ್ಮ ಬಸ್ಸುಗಳ ಬೋರ್ಡು ಮಲಯಾಳದಲ್ಲಿ, ಕನ್ನಡ ಮಾತ್ರ ಓದಲು ಬರುವ ಹಿರಿಯರು ಬಣ್ಣ ನೋಡಿಯೇ ಹತ್ತುತ್ತಿದ್ದರು. 2018ರಲ್ಲಿ ಕೇರಳದವರು ಲೈನ್ ಬಸ್ಸಿಗೆಲ್ಲ ಒಂದೇ ನೀಲಿ ಬಳಿಸಿದರು. ಆಮೇಲೆ ಆ ಅಕ್ಷರಜ್ಞಾನವೂ ಹೋಯಿತು.

ಕಿವಿಗೆ ಸಿಕ್ಕಿಸಲು ಒಂದು ಕೆಂಪು ವಯರು ಕೊಟ್ಟಿದ್ದರು. ಸೀಟಿನ ಬದಿಯಲ್ಲಿ ತೂತು. ಒಂದೊಂದು ನಂಬರಿಗೆ ಒಂದೊಂದು ಭಾಷೆ. ಕನ್ನಡ ಇರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಎಲ್ಲ ನಂಬರು ಒತ್ತಿ ನೋಡಿದೆ. ಕಾಸರಗೋಡಿನ ಕನ್ನಡಿಗನಿಗೆ ಇದೊಂದು ರೋಗ. ಯಾವ ಫಾರಂ ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ಕನ್ನಡ ಉಂಟಾ ನೋಡುತ್ತೇವೆ. ಕೊನೆಗೆ ಇಂಗ್ಲಿಷಿಗೆ ಇಟ್ಟುಕೊಂಡೆ. ಹಿತವಾದ ಸ್ವರದ ಒಬ್ಬ ಹೆಂಗಸು ಮಾತಾಡತೊಡಗಿದಳು. ಕಟ್ಟಡ ಕಾಣದ ಕಡೆ ಅರಬ್ಬೀ ಸಂಗೀತ.

ನಮ್ಮ ಬಸ್ಸಿನಲ್ಲಿ ವಯರು ಬೇಡ. ಕಂಬಿ ಹಿಡಿದು ನಿಂತರೆ ಸಾಕು. ಬಲಗಿವಿಗೆ ತುಳುವಿನಲ್ಲಿ ಮದುವೆ ಮಾತುಕತೆ, ಎಡಗಿವಿಗೆ ಬ್ಯಾರಿಯಲ್ಲಿ ಮೀನಿನ ರೇಟು. ಹಿಂದಿನ ಸೀಟಿನಲ್ಲಿ ಕೊಂಕಣಿ, ಇನ್ನೂ ಹಿಂದೆ ಮರಾಟಿ. ಮುಂದೆ ಇಬ್ಬರು ಹವ್ಯಕರು ಅಡಿಕೆಗೆ ಕೊಳೆರೋಗ ಬಂದದ್ದನ್ನು ನಮ್ಮ ಭಾಷೆಯಲ್ಲಿ ಹೇಳಿಕೊಳ್ಳುತ್ತಿರುತ್ತಾರೆ. ಬಾಗಿಲಲ್ಲಿ ನೇತಾಡುವ ಕ್ಲೀನರನಿಗೆ ಮಲಯಾಳದಲ್ಲಿ ಕಿಳಿ ಎನ್ನುತ್ತಾರೆ, ಅಂದರೆ ಹಕ್ಕಿ. ಆ ಹಕ್ಕಿ ಪ್ರತಿಯೊಬ್ಬರ ಮುಖ ನೋಡಿ ಅವರವರ ಭಾಷೆಯಲ್ಲಿ ಮುಂದೆ ಹೋಗಲು ಬೈಯುತ್ತದೆ. ನಂಬರು ಒತ್ತುವ ಕೆಲಸ ಇಲ್ಲ.

ಬುರ್ಜ್ ಖಲೀಫಾ ಬಂತು. 828 ಮೀಟರ್ ಎತ್ತರ, 2010ರಲ್ಲಿ ತೆರೆದದ್ದು ಎಂದಳು ವಯರಿನ ಹೆಂಗಸು. ಕತ್ತು ಎಷ್ಟು ಹಿಂದೆ ಬಾಗಿಸಿದರೂ ತುದಿ ಮುಗಿಯುವುದಿಲ್ಲ. ನಾನು ಅಡಿಕೆ ಮರದಲ್ಲಿ ಲೆಕ್ಕ ಹಾಕಿದೆ. ಐವತ್ತು ಅಡಿಯ ಮರ ಒಂದರ ಮೇಲೊಂದು ಇಟ್ಟರೆ ಐವತ್ನಾಲ್ಕು ಬೇಕು. ದಾರಿಯಲ್ಲಿ ಇನ್ನೊಂದು ಗಾಜಿನ ಕಟ್ಟಡಕ್ಕೆ ಹಗ್ಗ ಕಟ್ಟಿ ನೇತಾಡಿಕೊಂಡು ಇಬ್ಬರು ಗಾಜು ಒರೆಸುತ್ತಿದ್ದರು.

"ಅಡಿಕೆಗೆ ಮದ್ದು ಬಿಡುವವರ ಹಾಗೆ ಕಾಣ್ತಾರೆ ಅಲ್ವಾ?" ಎಂದಳು ಇವಳು.

"ನಮ್ಮ ತೋಟಕ್ಕೆ ಜನ ಸಿಗದ್ದು ಇದಕ್ಕೇ" ಎಂದೆ. "ಎಲ್ಲ ಇಲ್ಲಿದ್ದಾರೆ."

ಅಲ್ಲಿ ಇಳಿಯಬಹುದಿತ್ತು. ಹಿಂದಿದ್ದ ಇಬ್ಬರು ಹೆಂಗಸರು ಇಳಿದರು. "ನಾವೂ ಇಳಿಯುವುದಾ?" ಎಂದು ಇವಳು ಕೇಳಿದಳು. ನಾನು ಸುಮ್ನೆ ಸೀಟನ್ನು ನೋಡಿದೆ. ಅವಳಿಗೆ ಅರ್ಥವಾಯಿತು. ಮುಂದಿನ ಬಸ್ಸಿನಲ್ಲಿ ಎದುರಿನ ಸಾಲು ಸಿಕ್ಕದಿದ್ದರೆ? ಜುಮೈರಾದ ಮಸೀದಿ ಬಂತು, ಕಡಲು ಬಂತು, ಹಾಯಿಯ ಆಕಾರದ ಬುರ್ಜ್ ಅಲ್ ಅರಬ್ ದೂರದಲ್ಲಿ ಕಂಡಿತು. ಪ್ರತಿ ಸ್ಟಾಪಿನಲ್ಲೂ ಜನ ಇಳಿದರು, ಹೊಸಬರು ಹತ್ತಿದರು. ನಾವಿಬ್ಬರು ಮಾತ್ರ ಎದುರಿನ ಸಾಲಿನಲ್ಲಿ ಟವೆಲು ಹೊದ್ದುಕೊಂಡು ಕೂತೇ ಇದ್ದೆವು.

ಒಂದು ಸುತ್ತು ಮುಗಿಯಿತು. ಎರಡನೆಯದು ಶುರುವಾಯಿತು. ಈಗ ವಯರಿನ ಹೆಂಗಸಿಗಿಂತ ಮೊದಲೇ ನಾನು ಹೇಳತೊಡಗಿದೆ. ಅವಳು "ನಿಮ್ಮ ಎಡಗಡೆಗೆ" ಎನ್ನುವುದರೊಳಗೆ ಇವಳು ಎಡಗಡೆ ನೋಡಿ ಆಗಿರುತ್ತಿತ್ತು.

ಎರಡನೇ ಸುತ್ತಿನಲ್ಲಿ ಊರೊಳಗೆ ಚಾಚಿದ ಕಡಲಿನ ಖಾರಿ (ಕ್ರೀಕ್) ಹತ್ತಿರ ಬರುವಾಗ ಇವಳು ನನ್ನ ಮೊಣಕೈ ಹಿಡಿದಳು. "ನನಗೆ ಇಳೀಲೇಬೇಕು."

"ಎಂತಕ್ಕೆ?"

"ಎಂತಕ್ಕೆ ಅಂತ ಕೇಳ್ತೀರಲ್ಲ ನೀವು!"

ನಾಲ್ಕು ಗಂಟೆ ಪ್ರದಕ್ಷಿಣೆ ಬಂದರೆ ಯಾರಿಗಾದರೂ ಅರ್ಜೆಂಟಾಗುತ್ತದೆ. ಟವೆಲು ತೆಗೆದು ಇಳಿದೆವು. ನಾನು ತಿರುಗಿ ನೋಡಿದೆ. ಆಗಲೇ ಯಾರೋ ದಂಪತಿ ನಮ್ಮ ಸೀಟಿನಲ್ಲಿ ಕೂತು ಫೋಟೋ ತೆಗೆದುಕೊಳ್ಳುತ್ತಿದ್ದರು.

ಅರ್ಜೆಂಟು ಮುಗಿದ ಮೇಲೆ ಮುಂದಿನ ಬಸ್ಸಿಗೆ ಹೊತ್ತಿತ್ತು. ಪಕ್ಕದಲ್ಲಿ ಹಳೆಯ ಕೋಟೆ, ಅಲ್ ಫಹೀದಿ. 1787ರದ್ದು ಎಂದು ಬಸ್ಸಿನಲ್ಲಿ ಎರಡು ಸಲ ಕೇಳಿದ್ದೆ. ಊರಿನಲ್ಲಿ ಉಳಿದ ಅತಿ ಹಳೆಯ ಕಟ್ಟಡ ಅದೇ. ಕೆಳದಿಯ ಶಿವಪ್ಪನಾಯಕನ ನಮ್ಮ ಬೇಕಲ ಕೋಟೆಯ ಎದುರು ಇದು ಮೊನ್ನೆಯ ಮಗು. ಗಾತ್ರದಲ್ಲೂ ಹಾಗೆಯೇ. ಅಲ್ಲಿಂದ ನೀರಿನ ಬದಿಗೆ ನಡೆದರೆ ಮರದ ದೋಣಿಗಳು. ಅಬ್ರಾ ಎನ್ನುತ್ತಾರೆ. ನಡುವೆ ಒಂದು ಬೆಂಚು, ಅದರ ಎರಡೂ ಬದಿಗೆ ಜನ ನೀರಿಗೆ ಮುಖ ಮಾಡಿ ಕೂರುವುದು. ಆಚೆ ದಡಕ್ಕೆ ಒಂದು ದಿರ್ಹಂ. ಟಿಕೆಟ್ ಇಲ್ಲ, ವಯರು ಇಲ್ಲ, ಸೀಟಿಗೆ ನೂಕಾಟವೂ ಇಲ್ಲ. ಗಾಳಿಗೆ ಇವಳ ಸೆರಗು ಪಕ್ಕದ ಪಠಾಣನ ಮುಖಕ್ಕೆ ಹಾರಿ ಇಬ್ಬರೂ ನಕ್ಕರು. ಬೆಳಗ್ಗಿನಿಂದ ದುಬೈ ನಮ್ಮನ್ನು ಮುಟ್ಟಿದ್ದು ಅದೇ ಮೊದಲು.

ಆಚೆ ದಡದಲ್ಲಿ ಒಂದು ಸಣ್ಣ ಚಾ ಅಂಗಡಿ. ಎರಡು ಸುಲೈಮಾನಿ ಹೇಳಿದೆ. ನಾವು ಮಾತಾಡುವುದನ್ನು ಅಂಗಡಿಯವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ಎಲ್ಲಿ ನಿಮ್ಗೆ? ಬದಿಯಡ್ಕದ ಹತ್ರವಾ?"

"ನೀರ್ಚಾಲು. ನಿಮಗೆ?"

"ಉಪ್ಪಳ. ಮಾಷಾ ನೀವು?"

ಮಾಷ್ಟ್ರು ಎಂಬುದು ಹಣೆಯಲ್ಲಿ ಬರೆದಿರುತ್ತದೋ ಏನೋ. ಉಪ್ಪಳದ ಆ ಮಹಾರಾಯರು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಮನೆಮಾತು ಬ್ಯಾರಿ. ಗಿರಾಕಿಗಳ ಜೊತೆ ಮಲಯಾಳ, ಹಿಂದಿ, ಬೇಕಾದಷ್ಟು ಅರಬ್ಬೀ. ಆದರೆ ನಾಲ್ಕು ಚಾ, ಮೂರು ಪರೋಟ, ಎರಡು ಮೊಟ್ಟೆ ಎಂದು ಬಿಲ್ಲು ಕೂಡಿಸುವಾಗ ತುಟಿ ಆಡುವುದು ಕನ್ನಡದಲ್ಲಿ. "ಮಗ್ಗಿ ಕಲಿತದ್ದು ಅದರಲ್ಲಲ್ವಾ ಮಾಷೇ, ಬೇರೆ ಭಾಷೆಯಲ್ಲಿ ಲೆಕ್ಕ ತಪ್ತದೆ." ಕೆಂಪು ವಯರಿನ ಎಲ್ಲ ನಂಬರು ಒತ್ತಿದರೂ ಸಿಗದ್ದು ಒಂದು ದಿರ್ಹಮಿನ ದಡದಲ್ಲಿ ಸಿಕ್ಕಿತು.

ಅವರ ಅಜ್ಜನ ಕಾಲದಲ್ಲಿ ಊರಿನವರು ಇದನ್ನು ಪರ್ಶಿಯಾ ಎನ್ನುತ್ತಿದ್ದರು. ನಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದದ್ದು ನನಗೆ ನೆನಪುಂಟು. ಅವರ ಅಜ್ಜ ಬಂದದ್ದು ಬೊಂಬಾಯಿಯಿಂದ ಲಾಂಚಿನಲ್ಲಿ. ಪಾಸ್‌ಪೋರ್ಟ್ ಇಲ್ಲ, ಕಾಗದ ಇಲ್ಲ. ಖೋರ್ ಫಕ್ಕಾನಿನ ಹತ್ತಿರ ಕತ್ತಲಲ್ಲಿ ದಡ ಕಾಣುವಷ್ಟು ದೂರಕ್ಕೆ ತಂದು, ಇಳಿಯಿರಿ ಎನ್ನುತ್ತಿದ್ದರಂತೆ. ಇಳಿಯುವುದೆಂದರೆ ಕಡಲಿಗೆ. ಬಟ್ಟೆಯ ಗಂಟು ತಲೆಗೆ ಕಟ್ಟಿ ಈಜುವುದು. ಲಾಂಚು ತಿರುಗಿ ಹೋಗುತ್ತಿತ್ತು, ಹಿಂದಿನಿಂದ ಇನ್ನೊಂದು ಬರುವುದಿಲ್ಲ. ಆಗ ಈ ಊರಿನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕಿನವರು ಕೊಲ್ಲಿಯ ಊರುಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿದ್ದರು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಇಲ್ಲಿಯವರು ಅದನ್ನು ಬಿಟ್ಟರು. ಅಜ್ಜ ಊರಿಗೆ ತಂದ ಅಂಥ ಒಂದು ನೋಟು ಈಗಲೂ ಮನೆಯ ಕಪಾಟಿನಲ್ಲಿ ಉಂಟಂತೆ. ಇದನ್ನು ಹೇಳುವಾಗ ಅವರು ಗ್ಲಾಸು ತೊಳೆಯುತ್ತಲೇ ಇದ್ದರು.

"ನೀವು ಆ ಬಸ್ಸಿನಲ್ಲಿ ಹೋಗಿದ್ದೀರಾ?" ಎಂದು ಕೇಳಿದೆ.

"ಇಪ್ಪತ್ತೆರಡು ವರ್ಷ ಆಯ್ತು ಬಂದು. ಅದರಲ್ಲಿ ಹೋಗುವವರನ್ನು ದಿನಾ ನೋಡ್ತೇನೆ." ಬುರ್ಜ್ ಖಲೀಫಾದ ಮೇಲೆ? "ಕಟ್ಟುವಾಗ ನೋಡಿದ್ದೇನೆ." ಆಮೇಲೆ ಅವರೇ ಕೇಳಿದರು, "ನೀರ್ಚಾಲಿಂದ ಕುಂಬಳೆಗೆ ಅಂದ್ರೆ ಅನಂತಪುರದ ಮೇಲೆಯೇ ಅಲ್ವಾ? ಶಾಲೆಯಿಂದ ಕರಕೊಂಡು ಹೋಗಿದ್ರು ನಮ್ಮನ್ನು. ಮೊಸಳೆ ಗುಹೆಯ ಬಾಯಲ್ಲಿ ಮಲಗಿತ್ತು. ಈಗಲೂ ಕಣ್ಣಿಗೆ ಕಟ್ತದೆ. ನೀವು ಸುಮಾರು ಸಲ ನೋಡಿರ್ಬೇಕು."

ಇವಳು ನನ್ನ ಮುಖ ನೋಡಿದಳು. ನಾನು ಸುಲೈಮಾನಿಯ ಗ್ಲಾಸು ನೋಡಿದೆ.

ಅನಂತಪುರದ ಕೆರೆ ದೇವಸ್ಥಾನಕ್ಕೆ ನಾವು ಹೋದದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ. ತಿರುವನಂತಪುರದ ಪದ್ಮನಾಭನಿಗೆ ಮೂಲಸ್ಥಾನ ಇದು ಎಂದು ನಂಬಿಕೆ. ಕೆರೆಯ ನಡುವೆ ಗರ್ಭಗುಡಿ. ನೈವೇದ್ಯದ ಅನ್ನ ತಿನ್ನುವ ಮೊಸಳೆ ಬಬಿಯಾ ಆವತ್ತು ನೀರಿನಿಂದ ಮೇಲೆ ಬರಲಿಲ್ಲ. "ದಿನಾ ಇದೇ ದಾರಿ, ಇನ್ನೊಮ್ಮೆ ಬಂದರಾಯಿತು" ಎಂದಿದ್ದೆ. ಆಮೇಲೆ ಇಪ್ಪತ್ತೆಂಟು ವರ್ಷ ದಿನಕ್ಕೆ ಎರಡು ಸಲ, ಅಲ್ಲಿಗೆ ಹೋಗಲು ಇಳಿಯುವ ನಾಯ್ಕಾಪಿನಲ್ಲಿ ಬಸ್ಸು ನಿಂತಿದೆ. ನಿಂತು ಹೋಗುವ ದಿನ ಇಳಿಯುವ ಮನಸ್ಸು ಬರುತ್ತಿತ್ತು, ಆದರೆ ಶಾಲೆಗೆ ಹೊತ್ತಾಗುತ್ತಿತ್ತು. ಸೀಟು ಸಿಕ್ಕಿದ ದಿನ ಮನಸ್ಸೇ ಬರುತ್ತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಬಬಿಯಾ ಸತ್ತ ಸುದ್ದಿ ವಾಟ್ಸಾಪಿನಲ್ಲಿ ಬಂತು. ಹೂವಿನ ಹಾರ ಹಾಕಿದ ಫೋಟೋ. ನಾನು ಅದನ್ನು ಹದಿನೈದು ಜನರಿಗೆ ಕಳಿಸಿದೆ, ಕೈಮುಗಿದ ಚಿತ್ರ ಹಾಕಿ.

ಚಾದ ದುಡ್ಡು ತೆಗೆದುಕೊಳ್ಳಲಿಲ್ಲ ಅವರು. ಇವಳು ಚೀಲದಲ್ಲಿದ್ದ ಹಲಸಿನ ಹಪ್ಪಳದ ಕಟ್ಟು ಕೊಟ್ಟಳು. ಸೊಸೆಯ ಗೆಳತಿಗೆಂದು ತಂದದ್ದು ಅದು, ಪಾಪ. ಅಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು. ಮೂರನೆಯದರಲ್ಲಿ ಮೇಲೆ ಜಾಗ ಇರಲಿಲ್ಲ, ಕೆಳಗೆ ಏಸಿಯಲ್ಲಿ ಕೂತು ಬಂದೆವು. "ಇಡೀ ದಿನ ಸುತ್ತಿದ್ರಾ? ಎಷ್ಟು ಕಡೆ ಇಳಿದ್ರಿ?" ಎಂದು ಮಗ ರಾತ್ರಿ ಕೇಳಿದ. "ಬೇಕಾದಷ್ಟು" ಎಂದಳು ಅವನ ಅಮ್ಮ.

ಊರಿಗೆ ಬಂದು ಎರಡು ವಾರ ಆಗಿತ್ತು. ಕುಂಬಳೆಗೆ ಹೊರಟಿದ್ದೆವು. ಶನಿವಾರ, ಬಸ್ಸು ಖಾಲಿ. ಇಬ್ಬರಿಗೂ ಸೀಟು, ಅದರಲ್ಲೂ ನನಗೆ ಕಿಟಕಿ. ನಾಯ್ಕಾಪಿನಲ್ಲಿ ಸಿಂಗಲ್ ಬೆಲ್ಲು ಬಿತ್ತು. ಪಕ್ಕದಲ್ಲಿ ನೋಡಿದರೆ ಇವಳಿಲ್ಲ. ಬಾಗಿಲ ಹತ್ತಿರ ನಿಂತಿದ್ದಾಳೆ.

"ಸೀಟು..." ಎಂದೆ.

"ನೀವು ಕೂತ್ಕೊಳ್ಳಿ" ಎಂದು ಇಳಿದೇ ಬಿಟ್ಟಳು.

ಹಿಂದಿನಿಂದ ನಾನೂ ಇಳಿದೆ. "ಮಾಷೇ, ಕುಂಬಳೆಗೆ ಟಿಕೆಟ್ ತೆಗೆದದ್ದಲ್ವಾ?" ಎಂದು ಕಂಡಕ್ಟರ್ ಕೂಗಿದ. ಡಬಲ್ ಬೆಲ್ಲು ಹೊಡೆದು ಬಸ್ಸು ಹೋಯಿತು. ಬಿಸಿಲಿಗೆ ಕಾದ ಮುರಕಲ್ಲಿನ ಗುಡ್ಡೆಯಲ್ಲಿ ನಡೆದು ಕೆರೆಯ ಹತ್ತಿರ ಮುಟ್ಟುವಾಗ ಬೆನ್ನೆಲ್ಲ ಒದ್ದೆ. ಬಬಿಯಾ ಹೋಗಿ ಒಂದು ವರ್ಷದಲ್ಲಿ ಇನ್ನೊಂದು ಮೊಸಳೆ ಆ ಕೆರೆಯಲ್ಲಿ ಕಾಣಿಸಿಕೊಂಡಿತ್ತಲ್ಲ, ಅದನ್ನು ನೋಡಲು ಏಳೆಂಟು ಜನ ಗೋಡೆಗೆ ಒರಗಿ ನಿಂತಿದ್ದರು. ನೀರು ಹಸಿರಾಗಿ ಸುಮ್ಮನಿತ್ತು.

"ಈಗ ಇತ್ತು ಮಾರಾಯ್ರೇ" ಎಂದ ಒಬ್ಬ. "ಒಂದು ಐದು ನಿಮಿಷ ಮೊದಲು ಬರ್ಬೇಕಿತ್ತು ನೀವು."

ನಾನು ಗಡಿಯಾರ ನೋಡಿದೆ. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಉಂಟು. ಇವಳು ಆಗಲೇ ನೆರಳಿರುವ ಮೆಟ್ಟಿಲು ಹುಡುಕಿ, ಪಕ್ಕದಲ್ಲಿ ನನಗೆಂದು ಟವೆಲು ಹಾಸಿ ಕೂತಿದ್ದಳು.